ಮೇಷ್ಟ್ರು ಮುಚ್ಚಿಟ್ಟ ಜೋಡಿ ರಾಜ

ಹಲ್ಲುನೋವಿಗೆ ಕೂತಲ್ಲಿ ಕೂರಲಾಗದೆ ದವಾಖಾನೆಯ ಬೆಂಚಿನ ಮೇಲೆ ಒದ್ದಾಡುತ್ತಿದ್ದ ಟೈಲರಮ್ಮನ ಕಿವಿ ಪಕ್ಕದ ಭಾವ-ಭಾಮೈದರ ಮಾತಿಗೆ ಅಂಟಿಕೊಂಡಿತು. ಭಾಮೈದನ ಕಾಲು ಒಂದೇ ಸಮ ಕುಣಿಯುತ್ತಿತ್ತು.

"ಭಾವ, ನಿಮ್ಮನೇಲಿ ಪೋಕರ್ ಆಡೋವಾಗ ಬಿಲ್ಲೆ ಮುಗಿದೋರನ್ನ ಎಬ್ಬಿಸೋದು ಬೇಡ. ಮತ್ತೆ ಬಿಲ್ಲೆ ಕೊಟ್ಟು ಆಡ್ಸೋಣ."

"ಯಾಕೋ? ಟೂರ್ನಮೆಂಟ್ ಅಂದ್ಮೇಲೆ ಸೋತೋನು ಏಳ್ಲೇಬೇಕು."

"ಪಾಪ, ಪ್ರತಿ ಸಲ ಮೇಷ್ಟ್ರೇ ಮೊದ್ಲು ಸೋತು ಎದ್ದು ಹೋಗ್ತಾರೆ."

"ಎಲ್ಲಿಗೆ ಹೋಗ್ತಾರೆ ಅಂತ ನೋಡಿದ್ದೀಯಾ?"

"ಇಲ್ಲ."

"ಒಳಗಿನ ಕೋಣೆಗೆ. ಹಾಸಿಗೆ ಹಿಡಿದಿರೋ ನಮ್ಮಪ್ಪನ ಜೊತೆ ಇಸ್ಪೀಟು ಆಡ್ತಾ ಕೂರ್ತಾರೆ."

"ಅಂದ್ರೆ, ಬೇಕಂತ್ಲೇ ಸೋಲ್ತಾರಾ?"

"ಹೋದ ವಾರ ಇದ್ದಬದ್ದ ಬಿಲ್ಲೆಯೆಲ್ಲ ಕಟ್ಟಿ, 'ಸೋತೆನಪ್ಪಾ' ಅಂತ ಎಲೆ ಬೋರಲು ಹಾಕಿ ಎದ್ರು. ಆಮೇಲೆ ತಿರುಗಿಸಿ ನೋಡ್ದೆ. ಎರಡೂ ರಾಜ. ನನ್ನ ಹತ್ರ ಇದ್ದಿದ್ದು ಪುಟಗೋಸಿ ಎಲೆ."

ಕುಣಿಯುತ್ತಿದ್ದ ಕಾಲು ನಿಂತಿತು.

"ಭಾವ, ಬೇಜಾರು ಮಾಡ್ಕೋಬೇಡಿ. ನೀವು ಯಾವತ್ತಾದ್ರೂ ಮೊದ್ಲು ಸೋತಿದ್ದೀರಾ?"

ಅಷ್ಟರಲ್ಲಿ ಒಳಗಿಂದ ಭಾವನಿಗೆ ಕರೆ ಬಂತು. ದವಡೆ ಹಿಡಿದುಕೊಂಡು ಎದ್ದವರು ಬಾಗಿಲಲ್ಲಿ ತಿರುಗಿ ನಿಂತರು.

"ಹಳೇ ಆಟಾನೇ ಇರ್ಲಿ ಕಣೋ. ಆದ್ರೆ ಈ ವಾರ ಮೊದ್ಲು ಏಳೋನು ನಾನು."