ತೀರ್ಥ ಕುಡಿದ ಬಿಲ್ಲು

ಹಂಗಲ್ಲವ್ವ, ಬಿಲ್ಲು ಅಂದ್ರೆ ನೀವು ನಾಟಕದಾಗ ನೋಡ್ತೀರಲ್ಲ, ಬಣ್ಣದ ಕಾಗದ ಸುತ್ತಿದ್ದು, ಅದಲ್ಲ ನಾನು ಹೇಳ್ತಿರೋದು. ಹಂದಿ ಹೊಡೆಯೋ ಬಿಲ್ಲು. ನಮ್ಮ ಹೊಲದ ಬದುವಿನ ಮ್ಯಾಲೆ ಬೆಳೆದ ದಡಸಲ ಮರದ್ದು. ನಾನು ಕೊಕ್ಕನೂರಿಗೆ ಸೊಸೆಯಾಗಿ ಹೋಗಿ ವರ್ಷ ತುಂಬಿರ್ಲಿಲ್ಲ, ಹದಿನೆಂಟು ನಡೀತಿತ್ತು, ಅಲ್ಲ, ಹದಿನೇಳೇ ಇರಬೇಕು, ಆಣೆ ಹೋಗಿ ನಯಾಪೈಸೆ ಬಂದ ಹೊಸದು, ಸಂತೆಯಾಗ ಮಂದಿಯೆಲ್ಲ ತಬ್ಬಿಬ್ಬಾಗ್ತಿದ್ರು. ನಾನು ದಾವಣಗೆರೆ ಪ್ಯಾಟೆ ಹುಡುಗಿ, ಅಪ್ಪಂದು ಕಾಳಿನ ಅಂಗಡಿ, ಜೋಳ ಅಂದ್ರೆ ಚೀಲದಾಗ ಬರೋದು ಅಂತ ತಿಳಿದಿದ್ದೋಳು. ಅಲ್ಲಿಗೆ ಹೋದ ಮ್ಯಾಲೆ ಗೊತ್ತಾತು, ಹೊಲದಾಗಿನ ಜೋಳ ಮನಿಗೆ ಬರೋ ತನಕ ಅದು ನಮ್ಮದಲ್ಲ ಅಂತ. ಹೊಳೆ ದಂಡೆ ಪೊದೆಯಿಂದ ಹಂದಿ ಹಿಂಡು ಬಂದು ಹಿಂದಿನ ವರ್ಷ ಮುಕ್ಕಾಲು ಹೊಲ ಮಲಗಿಸಿ ಹೋಗಿದ್ವು. ಹನ್ನೊಂದು ಮಂದಿ ಉಣ್ಣೋ ಮನಿ. ರೇಷನ್ನಿನ ಕೆಂಪು ಜೋಳ ತಂದು ನುಚ್ಚು ಮಾಡಿ ಉಂಡ್ವಿ, ನಮ್ಮತ್ತೆ ಎಲ್ರಿಗೂ ಬಡಿಸಿ ತಾನು ಗಡಿಗೆ ತೊಳೆದ ನೀರಿಗೆ ಉಪ್ಪು ಹಾಕ್ಕೊಂಡು ಕುಡಿಯೋರು. ನಾನು ಕಣ್ಣಾರೆ ಕಂಡೀನಿ. ಈ ವರ್ಷಾನೂ ಹಂಗಾದ್ರೆ ಎತ್ತು ಮಾರಬೇಕು ಅಂತ ಮಾವನೋರು ದಿನಾ ಅನ್ನೋರು.

ಊರ ಕಡೇ ಮನಿ ಹನುಮಪ್ಪಂದು, ನಾಯಕರ ಪೈಕಿ. ಭಾನುವಳ್ಳಿ ಕಡೆಯಿಂದೆಲ್ಲ ಬಂದು ಅವನ ಹತ್ರ ಬಿಲ್ಲು ಮಾಡಿಸ್ತಿದ್ರು, ಬಿಲ್ಲಿನ ಹನುಮಪ್ಪ ಅಂದ್ರೇನೆ ಗುರ್ತು. ಅವನೇ ಬಂದು ಮಾವನೋರಿಗೆ ಹೇಳಿದ, ನನ್ನ ಬಿದಿರು ಬಿಲ್ಲು ಮೊಲಕ್ಕೆ ಸರಿ, ಹಂದಿ ಚರ್ಮಕ್ಕೆ ಸಾಲಲ್ಲ, ಕಾಡಿಗೆ ಹೋಗಿ ಕಡಿದ್ರೆ ಗಾರ್ಡು ಹಿಡೀತಾನೆ, ನಿಮ್ಮ ಬದುವಿನಾಗ ಒಂದು ದಡಸಲ ಐತಲ್ಲ, ಅದನ್ನ ಕೊಡ್ರಿ, ನಿಮ್ಮ ಹೊಲ ನಾನು ಕಾಯ್ತೀನಿ ಅಂತ. ಮಾವನೋರು ಎರಡು ದಿನ ಆ ಮರದ ಬುಡಕ್ಕೆ ಹೋಗಿ ಹೋಗಿ ಬಂದ್ರು. ನಮ್ಮದು ಲಿಂಗ ಕಟ್ಟಿದ ಮನೆತನ, ಇರುವೆ ಸಾಲು ದಾಟಿ ಕಾಲಿಡೋರು. ನಮ್ಮ ಮರ ಜೀವ ತೆಗೀಬೇಕಾ ಅಂತ ಅವರಿಗೆ ಸಂಕಟ. ಕೊನಿಗೆ ಹಸಿವೇ ಗೆದ್ದಿತು. ಶಿವರಾತ್ರಿ ಅಮಾವಾಸ್ಯೆಗೆ ಕಡಿದ್ರು, ಅಮಾವಾಸ್ಯೆಗೆ ಕಡಿದ ಮರಕ್ಕೆ ಹುಳ ಬೀಳಲ್ಲ ನೋಡ್ರಿ. ಹನುಮಪ್ಪ ಬರಿಗಾಲಾಗ ನಿಂತು ನೆಲದಿಂದ ತನ್ನ ಹುಬ್ಬಿನ ತನಕ ದಾರ ಹಿಡಿಸಿಕೊಂಡ, ಅಷ್ಟುದ್ದ ಕೋಲು. ನಡುವೆ ತನ್ನ ಮುಷ್ಟಿ ಇಟ್ಟು ಕುಡುಗೋಲಿನಿಂದ ಗೀಟು ಹಾಕಿದ. ಬಿಲ್ಲು ಅಂಗಿ ಇದ್ದಂಗ್ರಿ ಗೌಡ್ರೆ, ಒಬ್ಬಂದು ಇನ್ನೊಬ್ಬಂಗೆ ಆಗಲ್ಲ ಅಂತ ನಕ್ಕ. ಮರದ ಎಳೆ ಎತ್ತ ಹೋಗೈತೋ ಕೆತ್ತೋ ಬಾಚಿಯೂ ಅತ್ತಲೇ ಹೋಗಬೇಕಂತೆ, ಎಳೆ ಕಡಿದ್ರೆ ಬಿಲ್ಲು ಸತ್ತಂಗೆ.

ಕೆತ್ತಿದ ಮ್ಯಾಲೆ ಅದು ಕಾರಹುಣ್ಣಿಮೆ ತನಕ ಒಲೆ ಹೊಗೆ ಮ್ಯಾಲೆ ಒಣಗಬೇಕು. ಅವನ ಮನಿಯಾಗ ಒಲೆ ದಿನಕ್ಕೊಮ್ಮೆ ಉರಿದ್ರೆ ಹೆಚ್ಚು. ನಮ್ಮದು ಬೆಳಗಿಂದ ಸಂಜೀತನಕ ಉರಿಯೋ ಒಲೆ. ಅದಕ್ಕ ನಮ್ಮ ಅಡಿಗೆ ಮನಿ ಅಟ್ಟದ ಮ್ಯಾಲೆ ಇಡಬೇಕು ಅಂತ ಆತು. ಆದ್ರೆ ಹನುಮಪ್ಪ ಒಳಗೆ ಬರ್ತಿರ್ಲಿಲ್ಲ. ನಾವೂ ಕರೀತಿರ್ಲಿಲ್ಲ. ಬಾಯಾಗ ದಿನಾ ವಚನ ಅಂತಿದ್ವಿ, ಶರಣರೆಲ್ಲ ಒಂದೇ ಅಂತಿದ್ವಿ, ಹೊಸಲು ಮಾತ್ರ ಹೊಸಲೇ. ಈಗ ನೆನೆಸ್ಕೊಂಡ್ರೆ ನಾಚಿಕಿ ಆಗತೈತೆ. ಅವನು ಅಂಗಳದಾಗ ನಿಂತು ಕೋಲನ್ನ ಮಗು ಕೊಟ್ಟಂಗೆ ನನ್ನ ಕೈಗೆ ಕೊಟ್ಟ. "ಅಮ್ಮಾರೆ, ಇದಕ್ಕೆ ಹೊಗೆ ತಾಗಲಿ, ಹನಿ ನೀರು ತಾಗಬಾರ್ದು. ಒದ್ದೆ ಆಗಿ ಒಣಗಿದ್ರೆ ಒಳಗೊಳಗೇ ಬಿರೀತೈತೆ, ಹೊರಗೆ ಕಾಣಲ್ಲ" ಅಂದ. ಆತು ಹನುಮಣ್ಣ ಅಂದೆ.

ಈಗ ನಾನು ಮಾಡಿದ್ದು ಕೇಳ್ರಿ. ಆ ಕೋಲು ನೋಡಿದಾಗೆಲ್ಲ ಯಾವುದೋ ತಾಯಿ ಹಂದಿ, ಅದರ ಹಿಂದೆ ಮರಿ, ಹೀಂಗೆ ಕಣ್ಣಿಗೆ ಕಟ್ಟೋದು. ದಿನಾ ಬೆಳಿಗ್ಗೆ ಲಿಂಗಪೂಜೆ ಆದ ಮ್ಯಾಲೆ ತೀರ್ಥ ಸ್ವಲ್ಪ ಅಂಗೈಯಾಗ ಉಳಿಸ್ಕೊಂಡು, ಅತ್ತೆ ದನ ಬಿಡೋಕೆ ಹೋದಾಗ ಏಣಿ ಹತ್ತಿ, ಕೋಲಿನ ನಡುವೆ, ಅವನ ಮುಷ್ಟಿ ಗೀಟು ಇತ್ತಲ್ಲ, ಅಲ್ಲೇ ಸವರ್ತಿದ್ದೆ. ಮ್ಯಾಲೆ ಮೂರು ಬೆರಳು ವಿಭೂತಿ. ಶಿವನೇ, ಈ ಬಿಲ್ಲಿಂದ ಒಂದು ಜೀವಾನೂ ಹೋಗದಂಗೆ ನೋಡಪ್ಪ, ಹೆದರಿಸಿ ಓಡಿಸಿದ್ರೆ ಸಾಕು ಅಂತ ಬೇಡ್ಕೊಂತಿದ್ದೆ. ನೀರು ತಾಗಬಾರ್ದು ಅಂದಿದ್ದ, ಮರ್ತಿರ್ಲಿಲ್ಲ. ಆದ್ರೆ ತೀರ್ಥ ನೀರಲ್ಲವಲ್ಲ! ತೀರ್ಥಕ್ಕೆ ನೀರು ಅಂದೋರ ಬಾಯಿ ತೊಳೀಬೇಕು ಅಂತ ನಮ್ಮಮ್ಮ ಬೆಳೆಸಿದ್ದು ನನ್ನ. ಪ್ರಸಾದ ಯಾರನ್ನಾದ್ರೂ ಕೆಡಿಸ್ತೈತಾ? ನನ್ನ ತಿಳುವಳಿಕಿ ಅಷ್ಟೇ ಇತ್ತು. ಹಿಂಗೆ ಒಂದು ದಿನ ಎರಡು ದಿನ ಅಲ್ಲ, ಮೂರು ತಿಂಗಳ ಮ್ಯಾಲೆ.

ಕಾರಹುಣ್ಣಿಮೆ ಆಗಿ ಕೋಲು ಇಳಿಸಿ ಕೊಟ್ಟೆ. ನಮ್ಮ ಕಟ್ಟೆ ಮ್ಯಾಲೆ ಕುಂತು ಗಾಜಿನ ಚೂರಿನಾಗ ಹೆರೆದ. ಹೆರೀತಾ ಹೆರೀತಾ ನಡುವೆ ಬಂದು ಕೈ ನಿಲ್ಲಿಸಿದ. ಬೆಳಕಿಗೆ ಹಿಡಿದ, ಉಗುರಿನಾಗ ಕೆರೆದ, ಕಿವಿ ಹತ್ರ ಇಟ್ಟು ಬೆರಳಿನಾಗ ತಟ್ಟಿದ. ನಾನು ಬಾಗಿಲ ಮರೇಲಿ ನಿಂತಿದ್ದೆ.

"ಅಮ್ಮಾರೆ, ಇಲ್ಲಿ ನೀರುಂಡಂಗೆ ಬಿಳಿ ಕಲೆ ಐತಲ್ರಿ. ನೀರೇನಾರ ತಗುಲಿತ್ತಾ?"

"ಇಲ್ಲ ಹನುಮಣ್ಣ, ನೀರು ಮುಟ್ಟಿಸಿಲ್ಲ."

ಸುಳ್ಳು ಹೇಳ್ದೆ ಅಂತ ನನಗೆ ಅನಿಸ್ಲೇ ಇಲ್ಲ. ಇನ್ನೊಂದು ಗಳಿಗೆ ನೋಡಿದ. ಆಮ್ಯಾಲೆ, ಲಿಂಗ ಕಟ್ಟಿದೋರ ಮಾತು, ಹೊಗೆ ಕಲೆ ಇರಬೇಕು ಬಿಡ್ರಿ ಅಂದು, ಹರಳೆಣ್ಣೆ ತಿಕ್ಕಿ, ಆ ಜಾಗಕ್ಕೇ ತೊಗಲು ಸುತ್ತಿ, ಪುಂಡಿ ನಾರಿನ ಹೆದೆ ಹೊಸೆದು ಕಟ್ಟಿದ. ಎಳೆದು ಬಿಟ್ರೆ ತಂಬೂರಿ ನುಡಿದಂಗಾತು. ಮಾವನೋರ ಮುಖದಾಗೂ ನಗು ಬಂತು ಅವತ್ತು.

ಜೋಳ ಹಾಲುಗಾಳು ಕಟ್ಟಿದ ಹೊತ್ತಿಗೆ ಹಂದಿ ಬಂದ್ವು. ಆಗಷ್ಟೇ ಬೆಳಕು ಹರೀತಿತ್ತು, ನಾನು ಅಂಗಳಕ್ಕೆ ಸಗಣಿ ಹಾಕ್ತಿದ್ದೆ, ಹೊಲದ ಕಡೆಯಿಂದ ಕೂಗು ಕೇಳ್ತು. ಹನುಮಪ್ಪ ಬದುವಿನ ಮ್ಯಾಲೆ ಕುಂತಿದ್ನಂತೆ, ಮುಂದಿದ್ದ ದೊಡ್ಡ ಹಂದಿಗೆ ಗುರಿ ಹಿಡಿದು ಕಿವಿ ತನಕ ಎಳೆದ್ನಂತೆ. ಬಿಲ್ಲು ಸರಿಯಾಗಿ ಮುಷ್ಟಿಯಾಗೇ ಎರಡಾತು. ಮ್ಯಾಲಿನ ತುಂಡು ಹೆದೆ ಸಮೇತ ತಿರುಗಿ ಬಲಗಣ್ಣಿಗೆ ಬಡೀತು. ಹಂದಿ ಹಿಂಡು ಹಂಗೇ ಹೊಳೆ ಕಡೆ ಓಡಿತು, ಒಂದಕ್ಕೂ ಗಾಯ ಇಲ್ಲ. ನಾನು ಬೇಡಿಕೊಂಡಂಗೇ ಆತು ನೋಡ್ರಿ. ಒಂದು ಜೀವಾನೂ ಹೋಗ್ಲಿಲ್ಲ.

ಗಾಡಿ ಕಟ್ಟಿ ಹರಿಹರಕ್ಕೆ, ಅಲ್ಲಿಂದ ದಾವಣಗೆರೆ ದೊಡ್ಡಾಸ್ಪತ್ರಿಗೆ. ಕಣ್ಣು ಉಳೀಲಿಲ್ಲ. ತಿರುಗಿ ಬಂದ ಮ್ಯಾಲೆ ಊರ ಮಂದಿ ಕೇಳಿದ್ರೆ ಒಂದೇ ಮಾತು ಅವಂದು, ಮರದಾಗ ಗಂಟಿತ್ತು, ನಾನೇ ನೋಡ್ಲಿಲ್ಲ. ಅಷ್ಟೇ ಸಾಕಾತು ಮಂದಿಗೆ. ಬಿಲ್ಲಿನ ಹನುಮಪ್ಪಗೆ ಎರಡು ಕಣ್ಣಿದ್ದಾಗ್ಲೇ ಗಂಟು ಕಾಣ್ಲಿಲ್ಲ, ಇನ್ನು ಒಂದರಾಗ ಏನು ಕಂಡಾನು ಅಂತ ಊರ ಕಟ್ಟೆ ಮ್ಯಾಲೆ ಕುಂತು ನಗೋರು. ಭಾನುವಳ್ಳಿಯೋರು ಬರೋದು ಬಿಟ್ರು. ಕೈಯಾಗಿನ ಕೆಲಸ ಹೋತು, ಹೆಸರು ಹೋತು. ಹೆಂಡ್ತಿ ದುರುಗವ್ವನ್ನ ಕರ್ಕೊಂಡು ದಾವಣಗೆರೆಗೆ ಬಂದು ಹತ್ತಿ ಗಿರಣಿಯಾಗ ಅಂಡಿಗೆ, ಅದೇ ಹತ್ತಿ ಮೂಟೆ, ಹೊರೋಕೆ ನಿಂತ. ನಾನು? ಬಾಯಿ ಬಿಡ್ಲಿಲ್ಲ. ಮುರಿದ ಸುದ್ದಿ ಕೇಳಿದ ಗಳಿಗೆಯಾಗೇ ನನಗೆ ತಿಳಿದಿತ್ತು. ದೇವರ ಮುಂದೆ ಕಣ್ಣೀರು ಹಾಕಿದೆ, ಸೋಮವಾರ ಉಪವಾಸ ಮಾಡ್ದೆ, ಮಠಕ್ಕೆ ಎಣ್ಣೆ ಕೊಟ್ಟೆ. ಮನುಷ್ಯರ ಮುಂದೆ ಮಾತ್ರ ಹೇಳ್ಲಿಲ್ಲ.

ಏಳೆಂಟು ವರ್ಷ ಆದ ಮ್ಯಾಲೆ ನಾನೂ ನಮ್ಮ ಯಜಮಾನರೂ ಇಲ್ಲಿ ದಾವಣಗೆರೆಗೆ ಬಂದ್ವಲ್ಲ, ಆಗ ಕೇಳ್ಪಟ್ಟೆ, ಹನುಮಪ್ಪಗೆ ಎದಿಯಾಗ ಹತ್ತಿ ಧೂಳು ತುಂಬಿ ಕೆಮ್ಮು ಅಂತ. ತಡಕೊಳ್ಳೋಕೆ ಆಗ್ಲಿಲ್ಲ, ಹುಡುಕ್ಕೊಂಡು ಹೋದೆ. ಅವತ್ತು ನಾನು ಅವರ ಹೊಸಲು ದಾಟಿ ಒಳಗೆ ಹೋದೆ, ಅವರೇನು ತಡೀಲಿಲ್ಲ. ಗೋಡೆಗೆ ಒರಗಿ ಕುಂತಿದ್ದ. ಎಲ್ಲಾ ಹೇಳ್ದೆ, ತೀರ್ಥ, ವಿಭೂತಿ, ಏಣಿ, ಎಲ್ಲಾ. ಅವನು ಕೆಮ್ಮು ನಿಂತ ಮ್ಯಾಲೆ ಅಂದ,

"ಗೊತ್ತಮ್ಮಾರೆ. ಕೋಲು ಮುರಿದ ಬಾಯಾಗ ವಿಭೂತಿ ಇಳಿದಿತ್ತು. ಹೇಳಿದ್ರೆ ನಿಮ್ಮನ್ನ ತವರಿಗೆ ಕಳಿಸ್ತಿದ್ರು. ಅದೂ ಅಲ್ದೆ, ಮರ ನನಗೆ ಹೇಳಿತ್ರಿ. ತಟ್ಟಿದಾಗ ಧ್ವನಿ ಒಡಕಾಗಿತ್ತು. ಮರದ ಮಾತು ಬಿಟ್ಟು ಮಂದಿ ಮಾತು ಕೇಳ್ದೆ. ಅದು ನನ್ನ ತಪ್ಪು."

ಇಷ್ಟು ದೊಡ್ಡ ಮನಸ್ಸು. ಆದ್ರೆ ದುರುಗವ್ವ ಒಲೆ ಮುಂದಿಂದ ಎದ್ದು ಬಂದ್ಲು. ಅವಳೇನು ಕೂಗ್ಲಿಲ್ಲ. "ನಿಮ್ಮ ದೇವರು ನಿಮ್ಮನ್ನ ಕ್ಷಮಿಸ್ತಾನೆ ಬಿಡ್ರಿ ಅಕ್ಕಾರೆ. ಇವನ್ನ ನೋಡಿ ನಕ್ಕಿದ್ದು ಊರು. ಆ ಕಟ್ಟೆ ಮುಂದೆ ಹೋಗಿ ಹೇಳ್ರಿ. ಇವನು ಇರುವಾಗ ಹೇಳ್ರಿ. ಕಿವಿಯಾರ ಕೇಳ್ಲಿ" ಅಂದ್ಲು. ಹನುಮಪ್ಪ ಬ್ಯಾಡ ಅನ್ನಲಿಲ್ಲ. ಅದನ್ನ ನಾನು ನೋಡ್ದೆ. ಒಂದೇ ಕಣ್ಣು, ಅದು ನನ್ನ ಮ್ಯಾಲೇ ಇತ್ತು.

ಹೇಳ್ತೀನಿ ಅಂತ ಮಾತು ಕೊಟ್ಟು ಬಂದೆ. ಆಗ ಆಷಾಢ. ಆಷಾಢದಾಗ ಒಳ್ಳೇ ಕೆಲಸಕ್ಕೆ ಹೊರಡಬಾರ್ದು ಅಂತ ಸುಮ್ನಾದೆ. ಶ್ರಾವಣ ಬಂತು, ಕೊಕ್ಕನೂರಿನ ಮಠದಾಗ ಪುರಾಣ ಹಚ್ಚಿದ್ರು, ಊರಾಗೇ ಉಳಿದಿದ್ದ ಮಾವನೋರೇ ಮುಂದೆ ಕುಂತು ಹೇಳಿಸ್ತಿದ್ರು, ಆ ವೇಳೆಯಾಗ ಮನೆತನದ ಮರ್ಯಾದೆ ಯಾಕ ಕಳೀಲಿ, ಪುರಾಣ ಮುಗೀಲಿ ಅಂದ್ಕೊಂಡೆ. ಪುರಾಣ ಮುಗಿಯೋಕೆ ನಾಲ್ಕು ದಿನ ಇತ್ತು, ಹನುಮಪ್ಪ ತೀರಿಕೊಂಡ.

ಊರಿಗೆ ಹೋದೆ ಆಮ್ಯಾಲೆ, ಹೋಗದೆ ಇರ್ಲಿಲ್ಲ. ಪುರಾಣದ ಮಂಗಳದ ದಿನ, ಎಲ್ಲಾ ಮಂದಿ ಕುಂತಾಗ, ಹೆಂಗಸರ ಸಾಲಿನಿಂದ ಎದ್ದು ನಿಂತು ಹೇಳ್ದೆ. ಗಂಟಿರ್ಲಿಲ್ಲ, ನಾನೇ ಕೆಡಿಸಿದ್ದು, ಅವನ ಕೈ ಕೆಟ್ಟಿರ್ಲಿಲ್ಲ ಅಂದೆ. ಮಾವನೋರು ತಲಿ ತಗ್ಗಿಸಿದ್ರು, ಆದ್ರೆ ಒಂದು ಮಾತು ಬಯ್ಯಲಿಲ್ಲ. ಅವತ್ತು ಕಟ್ಟೆ ಮ್ಯಾಲೆ ನಕ್ಕೋರು, ಪಾಪ, ಒಳ್ಳೇ ಮನುಷ್ಯ ಇದ್ದ ಅಂತ ಲೊಚಗುಟ್ಟಿ, ಪ್ರಸಾದಕ್ಕೆ ಎದ್ದು ಹೋದ್ರು. ದುರುಗವ್ವಗೆ ಬಂದು ಹೇಳ್ದೆ, ಹೇಳ್ಬಿಟ್ಟೆ ಕಣವ್ವ ಅಂತ. ಅವಳು ಮೊರದಾಗಿನ ಅಕ್ಕಿಯಿಂದ ತಲಿ ಎತ್ತಲಿಲ್ಲ. "ಯಾರಿಗೆ ಹೇಳಿದ್ರಿ?" ಅಂದ್ಲು, ಅಷ್ಟೇ.

ತೀರ್ಥದ ಮ್ಯಾಲೆ ನನ್ನ ನಂಬಿಕಿ ಇವತ್ತಿಗೂ ಅಲುಗಾಡಿಲ್ಲ, ದೇವರು ಏನು ಮಾಡ್ಯಾನು, ಕೆಡಿಸಿದ್ದು ನಾನು. ಆದ್ರೆ ಮಕ್ಕಳ್ರಾ, ತಪ್ಪು ಒಪ್ಪಿಕೊಳ್ಳೋಕೆ ಒಳ್ಳೇ ದಿನ ನೋಡ್ತಾ ಕೂಡಬ್ಯಾಡ್ರಿ. ಅದು ರೊಟ್ಟಿ ಇದ್ದಂಗೆ, ಬಿಸಿ ಇರುವಾಗ್ಲೇ ಬಡಿಸಬೇಕು. ತಡ ಮಾಡಿದ್ರೆ ಹಸಿದೋನು ಎದ್ದು ಹೋಗಿರ್ತಾನೆ.