ಎಡಕ್ಕೆ ರೇಡಿಯೋ, ಬಲಕ್ಕೆ ಸ್ವಿಚ್ಚು

ಅದು 2006. ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಬಸವಕಲ್ಯಾಣದ ಬಸ್ಸಿಗೆ ಕಾಯುತ್ತಿದ್ದ ಗುರುಶಾಂತನ ಪಕ್ಕದಲ್ಲೇ ಇಂಜಿನಿಯರಿಂಗ್ ಓದುವ ರೂಪಾಲಿ ಲ್ಯಾಪ್‌ಟಾಪ್, ಅದಕ್ಕೆ ಜೋಡಿಸಿದ ರೇಡಿಯೋ, ಎರಡು ಆಂಟೆನಾ ಹಿಡಿದು ಕೂತಿದ್ದಳು. ಜೊತೆಗೆ ಅವಳ ಓಣಿಯ ಟೇಪ್ ರೆಕಾರ್ಡರ್ ರಿಪೇರಿ ಮಾಡುವ ಜಹೀರುದ್ದೀನ್. ಪರರ ಮಾತು ಕೇಳಬಾರದೆಂದು ಗುರುಶಾಂತ ಮುಖ ತಿರುಗಿಸಿದ. ಆದರೂ ಕೇಳಿಸಿತು.

"ಚಾಚಾ, ಇವತ್ತ ಮಧ್ಯಾಹ್ನ ಮೂರಕ್ಕ ಪ್ರಾಜೆಕ್ಟಿನ ಪರೀಕ್ಷಾ ಅದ. ಈ ಸಣ್ಣ ಟ್ರಾನ್ಸ್‌ಮಿಟರ್ ಯಾವ ದಿಕ್ಕಿಗದ ಅಂತ ಕಂಪ್ಯೂಟರ್ ಹೇಳ್ಬೇಕು. ಟ್ರಾನ್ಸ್‌ಮಿಟರ್ ಒಂದು ದಿಕ್ಕಿಗಿದ್ರ ಕಂಪ್ಯೂಟರ್ ಇನ್ನೊಂದು ತೋರಸಾಕತ್ತದ. ಫೇಲಾದ್ರ ವರ್ಷ ಹೋತು!"

"ಆಂಟೆನಾ ಎರಡೂ ಛಲೋ ಅವ?"

"ಅವ್ರಿ. ರಿಸೀವರ್ ಒಂದೇ ಅದ, ಸ್ವಿಚ್ಚು ಒಮ್ಮಿ ಇದನ್ನ, ಒಮ್ಮಿ ಅದನ್ನ ಜೋಡಸ್ತದ. ಆದ್ರ ರೆಕಾರ್ಡಿನ್ಯಾಗ ಯಾವ ತುಣುಕು ಯಾವ ಆಂಟೆನಾದ್ದು ಗೊತ್ತಾಗವಲ್ದು."

"ರೇಡಿಯೋ ಸೌಂಡ್ ಕಾರ್ಡಿನ ಯಾವ ಕಡೆ ಕೊಟ್ಟೀದಿ?"

"ಎಡಕ್ಕ."

"ಬಲಕ್ಕ?"

"ಖಾಲಿ ಅದರಿ."

"ಹುಚ್ಚಿ! ಸ್ಟೀರಿಯೋದಾಗ ಎರಡೂ ಕೂಡೇ ರೆಕಾರ್ಡ್ ಆಗ್ತಾವ. ಸ್ವಿಚ್ಚಿನ ಸಿಗ್ನಲ್ ಬಲಕ್ಕ ಕೊಡು. ಅದು ಬದಲಾದಲ್ಲೇ ಆಂಟೆನಾ ಬದಲಾತು."

"ಅಯ್ಯ ಚಾಚಾ!"

"ನಡುವ ಈ ರೆಸಿಸ್ಟರ್ ಹಾಕು, ಇಲ್ಲಂದ್ರ ಕಾರ್ಡ್ ಸುಟ್ಟೀತು."

ಜಹೀರುದ್ದೀನ್ ಜೇಬಿನಿಂದ ರೆಸಿಸ್ಟರ್ ತೆಗೆದು, ಹಲ್ಲಿನಿಂದಲೇ ತಂತಿ ಸುಲಿದು ಅದಕ್ಕೆ ತಿರುಚಿ ಕೊಟ್ಟರು. ರೂಪಾಲಿ ಪ್ರೋಗ್ರಾಮಿಗೆ ನಾಲ್ಕು ಸಾಲು ಸೇರಿಸಿದಳು. ಅಷ್ಟರಲ್ಲಿ ಬಸ್ಸು ಬಂತು.

"ಟ್ರಾನ್ಸ್‌ಮಿಟರ್ ಕೊಡು, ಸೀಟ್ ಹಿಡಿತೀನಿ," ಎಂದು ಅವರು ಅದನ್ನು ಇಸಿದುಕೊಂಡು ಗುಂಪಿನೊಳಗೆ ನುಗ್ಗಿದರು.

ರೂಪಾಲಿ ಪರದೆಯಿಂದ ಕಣ್ಣು ಕೀಳಲಿಲ್ಲ. ಅದರ ಮೇಲಿನ ದಿಕ್ಕು ತೋರುವ ಮುಳ್ಳು ಮೆಲ್ಲಗೆ ಹೊರಳಿ ಬಸ್ಸಿನ ಹಿಂಬದಿಯತ್ತ ನಿಂತಿತು.

"ಚಾಚಾ, ಎಲ್ಲಾ ಬಿಟ್ಟು ಹಿಂದಿನ ಸೀಟ್ ಹಿಡಿದೀರಿ!" ಎಂದು ಕೂಗಿದಳು.

ಗುರುಶಾಂತ ತಲೆಯೆತ್ತಿದ. ಬಸ್ಸಿನ ಕಟ್ಟಕಡೆಯ ಕಿಟಕಿಯಿಂದ ಜಹೀರುದ್ದೀನ್ ಟವೆಲ್ ಬೀಸುತ್ತಿದ್ದರು. ರೂಪಾಲಿ ತಂತಿಗಳನ್ನೆಲ್ಲ ಎದೆಗವಚಿಕೊಂಡು ಓಡಿದಳು.