ಬಾಯಿಲ್ಲದ ಕೀಬೋರ್ಡು

"ಹಲೋ… ಹಲೋ, ಕೌನ್ ಬೋಲ್ ರಹಾ ಹೈ? … ಅಚ್ಛಾ. ಗಾನವಿ ಹೈ? ಉಸ್ಕೋ ಫೋನ್ ದೀಜಿಯೆ. ಮೈಂ ಉಸ್ಕಾ ಮಾವ… ಮಾಮಾ, ಮಾಮಾ ಬೋಲ್ ರಹಾ ಹೂಂ!"

ದೆಹಲಿಯ ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ದಕ್ಷಿಣಾಮೂರ್ತಿ ರಿಸೀವರನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ನಿಂತಿದ್ದರು. ಅದು ಎರಡು ಸಾವಿರದ ಎಂಟರ ಯುಗಾದಿ. ಸಂಜೆ ಆರಕ್ಕೆ ಕನ್ನಡ ಬಳಗದಲ್ಲಿ ಹೆಂಡತಿ ವಾಸಂತಿಯ ಹಾಡುಗಾರಿಕೆ. ಹದಿನೈದು ವರ್ಷದಿಂದ ಆಕೆಗೆ ಹಾರ್ಮೋನಿಯಂ ನುಡಿಸುತ್ತಿದ್ದ ಗೋಪಿನಾಥರೊಡನೆ ಇವರು ಹೋದ ವಾರ ಜಗಳ ತೆಗೆದು, "ನಿಮ್ಮ ಪೆಟ್ಟಿಗೆಗೆ ಉಬ್ಬಸ ಹಿಡಿದಿದೆ, ನಾವು ಹೊಸ ಯಂತ್ರ ತರ್ತೀವಿ" ಎಂದುಬಿಟ್ಟಿದ್ದರು. ಯಂತ್ರವೇನೋ ಬಂದು ಊಟದ ಮೇಜಿನ ಮೇಲೆ ಕುಳಿತಿತ್ತು. ಆದರೆ ಬೆಳಗಿನಿಂದ ತುಟಿ ಪಿಟಕ್ಕೆಂದಿರಲಿಲ್ಲ. ಗುಡಗಾಂವಿನಲ್ಲಿ ಜಾಹೀರಾತುಗಳಿಗೆ ಸಂಗೀತ ಜೋಡಿಸುವ ಸ್ಟುಡಿಯೋದಲ್ಲಿದ್ದ ತಂಗಿಯ ಮಗಳು ಗಾನವಿಯೇ ಈಗ ದಿಕ್ಕು.

"ಗಾನವಿನಾ? ಹಾಂ ಪುಟ್ಟಿ, ಮಾವ ಕಣೇ. ಕೀಬೋರ್ಡು ತಂದೆ, ಸದ್ದೇ ಬರ್ತಿಲ್ಲ… ಸ್ಪೀಕರಾ? ತಲೆಕೆಳಗು ಮಾಡಿ ನೋಡಿದೆ, ಒಂದು ತೂತೂ ಇಲ್ಲ… ಮೇಲೆ ಏನು ಬರೆದಿದೆಯಾ? ಮಿಡಿ ಕಂಟ್ರೋಲರ್ ಅಂತ. ಮಿಡಿ ಅಂದ್ರೆ ಉಪ್ಪಿನಕಾಯಿಗೆ ಹಾಕೋದಲ್ವಾ?"

…

"ಏನು? ಅದಕ್ಕೆ ಸದ್ದೇ ಇಲ್ವಾ? … ಹಾಂ… ಯಾವ ಕೀ ಒತ್ತಿದೆ, ಎಷ್ಟು ಜೋರಾಗಿ ಒತ್ತಿದೆ ಅಂತ ಕಂಪ್ಯೂಟರಿಗೆ ಹೇಳುತ್ತೆ, ಅಷ್ಟೇನಾ? ಸದ್ದು ಮಾಡೋದು ಕಂಪ್ಯೂಟರಾ? … ಥೇಟ್ ನಮ್ಮ ಆಫೀಸಿನ ಸೆಕ್ಷನ್ನೇ! ಇದು ಬರೀ ನೋಟ್ ಹಾಕುತ್ತೆ, ಕೆಲಸ ಮಾಡೋನು ಇನ್ನೊಬ್ಬ."

ವಾಸಂತಿ ಹೋಳಿಗೆಯ ಕೈ ಒರೆಸಿಕೊಂಡು ಮೇಲಿನ ಮನೆಗೆ ಓಡಿ ಅಲ್ಲಿನ ಕಾಲೇಜು ಹುಡುಗ ಅಭಿಷೇಕನ ಲ್ಯಾಪ್‌ಟಾಪು ತಂದುಕೊಟ್ಟರು.

"ಹಾಂ, ವೈರು ಚುಚ್ಚಿದೆ. ಡಬ್ಬದಲ್ಲಿದ್ದ ಸಿಡಿನೂ ಹಾಕಿದೆ… ಒತ್ತಲಾ? … ಅಯ್ಯಯ್ಯೋ! ಕೇಳಿಸ್ತಾ? 'ಸ' ಒತ್ತಿದ್ರೆ ಡೋಲು, 'ರಿ' ಒತ್ತಿದ್ರೆ ತಾಳ, 'ಗ' ಒತ್ತಿದ್ರೆ ಯಾರೋ ಚಪ್ಪಾಳೆ ಹೊಡೀತಾರೆ! … ಡ್ರಮ್ಸ್‌ಗೆ ಇಟ್ಟಿದೆಯಾ? ಎಲ್ಲಿ ಬದಲಾಯಿಸೋದು? … ಹಾಂ… ಬಂತು, ವೀಣೆ ಬಂತು! ಮೆಲ್ಲಗೆ ಒತ್ತಿದ್ರೆ ಮೆಲ್ಲಗೆ, ಗುದ್ದಿದ್ರೆ ಜೋರು. ಆಹಾ!"

…

"ಶ್ರುತೀನಾ? ಅತ್ತೆದು ಐದೂವರೆ ಮನೆ… ಮಕಾನ್ ಅಲ್ಲ ಕಣೇ, ಪೆಟ್ಟಿಗೆಯ ಶ್ರುತಿಮನೆ! ಸರ್ಕಾರ ನಮಗೆ ಕೊಟ್ಟಿರೋದು ಒಂದೇ ಮನೆ! … ಹಾಂ, ಜಿ ಶಾರ್ಪ್, ಅದೇ. ಟ್ರಾನ್ಸ್‌ಪೋಸ್ ಗುಂಡಿನಾ? ಎಂಟು ಸಲ ಒತ್ತಿದ್ರೆ ಸಾಕಾ?"

"ಮತ್ತೆ ಈ ಎಡಗಡೆ ಚಕ್ರ ಯಾತಕ್ಕೆ? … ತಿರುಗಿಸಿದೆ… ಅರೆ! ಸ್ವರ ಜಾರ್ತಿದೆ! ಗಮಕ ಕಣೇ, ಗಮಕ! ಪೆಟ್ಟಿಗೇಲಿ ಜನ್ಮದಲ್ಲಿ ಬರಲ್ಲ ಇದು. ಗೋಪಿನಾಥ್ ಕೇಳ್ಬೇಕು, ಹೊಟ್ಟೆ ಉರ್ಕೋಬೇಕು! … ಏನಂದೆ? ನುಡಿಸೋದಾ? ಯಾರು? … ನಾನಾ?"

ದಕ್ಷಿಣಾಮೂರ್ತಿಯವರ ಕೈ ಚಕ್ರದ ಮೇಲೇ ನಿಂತಿತು. ಮೂರು ಅಂಗಡಿ ಅಲೆದಿದ್ದರು, ಬಳಗದ ಮನೆಮನೆಗೂ ಫೋನ್ ಮಾಡಿ ಕೊಚ್ಚಿಕೊಂಡಿದ್ದರು. ಈ ಒಂದು ಪ್ರಶ್ನೆ ಮಾತ್ರ ತಲೆಗೆ ಬಂದಿರಲಿಲ್ಲ. ಅವರಿಗೆ ಬರುತ್ತಿದ್ದುದು ತಾಳ ಹಾಕುವುದೊಂದೇ, ಅದೂ ನಡುವೆ ತಪ್ಪುತ್ತಿತ್ತು. ಅಡುಗೆಮನೆಯಲ್ಲಿ ಲಟ್ಟಣಿಗೆಯ ಸದ್ದು ನಿಂತಿತು.

"ನೀನೇ ಬಂದುಬಿಡು ಪುಟ್ಟಿ… ರೆಕಾರ್ಡಿಂಗ್ ಇದೆಯಾ? ಮತ್ತೆ ಯಾರನ್ನ ಕರೀಲಿ? … ಬೇಡ. ಅವರು ಮಾತ್ರ ಬೇಡ… ನಿನಗೆ ಸಂಗೀತ ಹೇಳಿಕೊಟ್ಟ ಗುರು ಇರಬಹುದು, ನಾನಾಗಿ ಕರೆಯಲ್ಲ… ತಡಿ, ಏನು ಮಾಡ್ತಿದ್ದೀಯ? ಕಾನ್ಫರೆನ್ಸಾ? ಅವರನ್ನೂ ಇದೇ ಲೈನಿಗೆ ಸೇರಿಸ್ತೀಯಾ? ಗಾನವೀ, ಬೇಡ ಕಣೇ, ಬೇ… ಹಲೋ. … ನಮಸ್ಕಾರ ಗೋಪಿನಾಥ್ ಅವರೇ. … ಹಬ್ಬದ ಶುಭಾಶಯ. … ಊಟ ಆಯ್ತಾ?"

…

"ಹಾಂ… ಹೌದು, ಉಬ್ಬಸ ಅಂದಿದ್ದು ನಾನೇ. … ಪೆಟ್ಟಿಗೆಗೆ ಅಂದೆ, ನಿಮಗಲ್ಲ. … ನಿಮಗೂ ಅಂದಿದ್ನಾ? … ತಪ್ಪಾಯ್ತು. … ಜೋರಾಗೇ ಹೇಳಿದೆನಲ್ಲ ಸ್ವಾಮಿ! … ವಾಸಂತಿನಾ? ಅವಳು ವಾರದಿಂದ ನನ್ನ ಹತ್ರ ಸರಿಯಾಗಿ ಮಾತಾಡಿಲ್ಲ. ನೀವಿಲ್ಲದೆ ಹಾಡೋಕೆ ಅವಳಿಗೂ ಮನಸ್ಸಿಲ್ಲ."

ಅಷ್ಟು ಹೇಳಿ ದಕ್ಷಿಣಾಮೂರ್ತಿ ಮೆಲ್ಲಗೆ ಕುರ್ಚಿಯಲ್ಲಿ ಕುಳಿತರು. ಅತ್ತಲಿಂದ ಬಂದ ಮಾತಿಗೆ ಅವರ ಮುಖ ಅರಳಿತು, ಮರುಕ್ಷಣವೇ ಬಾಡಿತು.

"ಬರ್ತೀರಾ? ನಿಜವಾಗ್ಲೂ? … ಷರತ್ತಾ? ಹೇಳಿ. … ಮೈಕಿನಲ್ಲಾ? ಎಲ್ಲರೆದುರಿಗಾ? … ಆಯ್ತು, ತಪ್ಪಾಯ್ತು ಅಂತ ಹೇಳ್ತೀನಿ. … ಹಿಂದೀಲೂನಾ? ಯಾಕೆ? … ಅಚ್ಛಾ, ಮಯೂರ್ ವಿಹಾರಿನಿಂದ ಕನ್ನಡ ಬರದ ನಿಮ್ಮ ಅಕ್ಕಪಕ್ಕದೋರನ್ನೂ ಕರ್ಕೊಂಡು ಬರ್ತೀರಾ… ಸ್ವಾಮಿ, ಒಂದು ನಿಮಿಷ, ಇಡಬೇಡಿ! ಹಿಂದೀಲಿ ತಪ್ಪಿಗೆ 'ಗಲ್ತಿ' ಅಂತಾರಲ್ಲ, ಅದು ಗಂಡೋ ಹೆಣ್ಣೋ? 'ಹೋ ಗಯಾ' ಅನ್ಬೇಕಾ, 'ಹೋ ಗಯೀ' ಅನ್ಬೇಕಾ? … ಹಲೋ? ಗೋಪಿನಾಥ್ ಅವರೇ? … ಗಾನವೀ, ನೀನಾದ್ರೂ ಹೇಳೇ… ಹಲೋ… ಹಲೋ…"